ನಮ್ಮ ಬೇಡಿಕೆ ಆಮ್ಲಜನಕ

ಸ್ಕ್ಯಾನರ್ ಮನೆಗೆ ಬಂದಿದ್ದಕ್ಕೆ ನನ್ನ ತಕರಾರೇನೂ ಇರಲಿಲ್ಲ. ಅದರ ಬೆನ್ನಿಗೇ ನಮ್ಮವರು ಹಲ್ಲಿನ ಡಾಕ್ಟರುಗಳ ಸಾಮಾನಿನ ಅಂಗಡಿಗೆ ಹೋಗಿ ಒಂದು ಬಿಳಿ ಕೋಟು ತಂದರಲ್ಲ, ಎಲ್ಲ ಶುರುವಾಗಿದ್ದು ಅಲ್ಲಿಂದ.

ನಮ್ಮವರ ಹೆಸರು ಕಾಸಿಯಾನೊ ಟಿಕೋನಾ. ಬೆಟ್ಟದ ಮೇಲಿನ ನಮ್ಮೂರು ಎಲ್ ಆಲ್ಟೊದಲ್ಲಿ, ಮಿನಿಬಸ್ಸುಗಳು ಸಾಲುಗಟ್ಟಿ ನಿಲ್ಲುವ ಬೀದಿಯ ತುದಿಗೆ ಅವರ ಗ್ಯಾರೇಜು. ಗ್ಯಾರೇಜಿನ ಬಾಗಿಲಲ್ಲಿ ನನ್ನ ಒಲೆ. ಒಳಗೆ ಅವರು ಇಂಜಿನ್ ಬಿಚ್ಚಿ ಬೈಯುತ್ತಿರುತ್ತಾರೆ, ಹೊರಗೆ ನಾನು ನೇರಳೆ ಜೋಳದ ಆಪಿ ಕುದಿಸಿ, ಚೀಸ್ ತುಂಬಿದ ಪೂರಿ ಕರಿದು, ಕಾಯುತ್ತಿರುವ ಗಿರಾಕಿಗಳನ್ನು ಸಮಾಧಾನ ಮಾಡುತ್ತಿರುತ್ತೇನೆ. ಸಂಸಾರ ಚೆನ್ನಾಗಿಯೇ ನಡೆಯುತ್ತಿತ್ತು. ನಮ್ಮವರ ಕೈಗುಣ ಒಳ್ಳೆಯದು. ತಲೆ ಮಾತ್ರ ಕೈಗಿಂತ ಮುಂದೆ ಓಡುತ್ತದೆ. ಓಡಿದ ಮೇಲೆ ಎಲ್ಲಿಗೆ ಬಂದೆ ಎನ್ನುವುದು ಅದಕ್ಕೇ ಗೊತ್ತಾಗುವುದಿಲ್ಲ.

ಸ್ಕ್ಯಾನರ್ ಎಂದರೆ ಅಂಗೈಯಗಲದ ಒಂದು ಕಪ್ಪು ಡಬ್ಬಿ. ಅದರ ಬಾಲವನ್ನು ಸ್ಟೇರಿಂಗಿನ ಕೆಳಗಿರುವ ಕಿಂಡಿಗೆ ಸಿಕ್ಕಿಸಿದರೆ, ಗಾಡಿಯ ಹೊಟ್ಟೆಯೊಳಗೆ ಎಲ್ಲಿ ನೋವಿದೆ ಎಂದು ಪರದೆಯ ಮೇಲೆ ಬರೆದು ತೋರಿಸುತ್ತದೆ. ಇನ್ನು ಮೇಲೆ ಕಿವಿಯಿಟ್ಟು ಕೇಳಬೇಕಿಲ್ಲ, ಮೂಸಿ ನೋಡಬೇಕಿಲ್ಲ, ಒಂದೊಂದೇ ಭಾಗ ಬಿಚ್ಚಿ ನೋಡಬೇಕಿಲ್ಲ. "ಫೆಲಿಪಾ, ಇಷ್ಟು ದಿನ ನಾನು ನಾಟಿವೈದ್ಯ ಆಗಿದ್ದೆ. ಇವತ್ತಿಂದ ಆಸ್ಪತ್ರೆ," ಎಂದರು ನಮ್ಮವರು. ಕೋಟಿನ ಗುಂಡಿ ಹಾಕಿಕೊಂಡರು. ಅದು ಹೊಟ್ಟೆಯ ಹತ್ತಿರ ಉಸಿರು ಬಿಗಿಹಿಡಿದರೆ ಮಾತ್ರ ಕೂಡುತ್ತಿತ್ತು.

ಹೊಸ ವಸ್ತು ಬಂದ ಮೇಲೆ ಚಾಯ್ಯ ಮಾಡದೆ ಬಳಸಲಾದೀತೇ? ಭೂತಾಯಿ ಪಾಚಮಾಮನಿಗೆ ಬಿಯರ್ ಚೆಲ್ಲಬೇಕು, ವಸ್ತುವಿನ ಮೇಲೆ ಎರಡು ಹನಿ ಚಿಮುಕಿಸಬೇಕು, ಬಣ್ಣದ ಕಾಗದದ ಚೂರು ಎರಚಬೇಕು. ಅದಕ್ಕೊಬ್ಬ ಪದ್ರಿನೊ, ಅಂದರೆ ಧರ್ಮದ ಅಪ್ಪ, ಮುಂದೆ ನಿಲ್ಲಬೇಕು. ನಮ್ಮ ಸ್ಕ್ಯಾನರಿಗೆ ಪದ್ರಿನೊ ಆಗಿ ಬಂದವರು ಡಾನ್ ಸೆವೆರೊ. ಮಿನಿಬಸ್ ಲೈನಿನ ಸಂಘದ ಕಾರ್ಯದರ್ಶಿ. ಯಾವ ಗಾಡಿ ಲೈನಿನಲ್ಲಿ ಓಡಬೇಕು, ಯಾವುದು ಮೂಲೆ ಸೇರಬೇಕು ಎನ್ನುವುದು ಅವರ ಬಾಯಲ್ಲಿದೆ. ಅವರದೇ ಗಾಡಿಗೆ ನಮ್ಮವರು ಡಬ್ಬಿಯನ್ನು ಮೊದಲು ಸಿಕ್ಕಿಸಿದರು. ಪರದೆ ಬೆಳಗಿತು. ಡಾನ್ ಸೆವೆರೊ ಬಾಟಲಿ ತೆರೆದರು.

"ಸಾಕು ಡಾನ್ ಸೆವೆರೊ, ಎರಡು ಹನಿ ಸಾಕು," ಎಂದೆ ನಾನು.

"ಏನ್ ದೋನ್ಯಾ ಫೆಲಿಪಾ, ನಾನು ಜಿಪುಣ ಅನ್ಕೊಂಡ್ರಾ? ಧರ್ಮದ ಮಗ ಕಣ್ರೀ ಇದು. ಚೆನ್ನಾಗಿ ಕುಡೀಲಿ."

ಅರ್ಧ ಬಾಟಲಿ ಭೂತಾಯಿಗೆ ಹೋಯಿತು, ಅರ್ಧ ಡಬ್ಬಿಗೆ. ನಮ್ಮವರು ಕೋಟಿನ ತೋಳಿನಿಂದ ಅದನ್ನು ಒರೆಸಿ, ಹಣೆಗೊತ್ತಿಕೊಂಡು, ಒಳಗಿಟ್ಟರು.

ಮರುದಿನ ಬೇಕರಿಯವನ ವ್ಯಾನ್ ಬಂತು. ಡಬ್ಬಿ ಹೇಳಿತು: ಆಮ್ಲಜನಕ ಕಡಿಮೆ. ಆಮೇಲೆ ಟ್ಯಾಕ್ಸಿಯೊಂದು ಬಂತು. ಆಮ್ಲಜನಕ ಕಡಿಮೆ. ಹೆಣ ಸಾಗಿಸುವ ವ್ಯಾನಿನವನು ಬಂದ. ಅದಕ್ಕೂ ಆಮ್ಲಜನಕ ಕಡಿಮೆ.

"ನಮ್ ಗಿರಾಕಿಗಳಿಗೂ ಅದೇ ತೊಂದ್ರೆ," ಎಂದ ಅವನು, ಪೂರಿ ಅಗಿಯುತ್ತ.

ಬೇರೆ ಯಾರಾದರೂ ಆಗಿದ್ದರೆ ಈ ಹೊತ್ತಿಗೆ ಡಬ್ಬಿಯ ಮೇಲೆ ಅನುಮಾನ ಪಡುತ್ತಿದ್ದರು. ನಮ್ಮವರು ಮೂರು ಗಾಡಿಗಳ ಮೇಲೆ ಅನುಮಾನ ಪಟ್ಟರು. ಆಪಿಯ ಲೋಟ ಹಿಡಿದು ನನ್ನ ಒಲೆಯ ಪಕ್ಕದಲ್ಲೇ ಕೂತು ಬಹಳ ಹೊತ್ತು ಯೋಚಿಸಿದರು. ನಾನು ಹೆದರಿದೆ. ಅವರು ಯೋಚಿಸಲು ಕೂತಾಗಲೆಲ್ಲ ಮನೆಯಲ್ಲಿ ಏನಾದರೊಂದು ಆಗುತ್ತದೆ.

"ಫೆಲಿಪಾ, ಈ ಗಾಡಿಗಳು ಎಲ್ಲಿಂದ ಬಂದಿರೋದು?"

"ಜಪಾನಿಂದ. ಬಳಸಿ ಬಿಟ್ಟಿದ್ದು. ನಮ್ಮೂರಿಗೆ ಬಂದ್ಮೇಲೆ ಬಲಗಡೆ ಇದ್ದ ಸ್ಟೇರಿಂಗ್ ಎಡಗಡೆಗೆ ಹಾಕಿರೋದು. ಗೊತ್ತಿಲ್ವಾ ನಿಮಗೆ?"

"ಜಪಾನ್ ಎಲ್ಲಿದೆ? ಸಮುದ್ರದ ಮಗ್ಗುಲಲ್ಲಿ. ಎಲ್ ಆಲ್ಟೊ ಎಲ್ಲಿದೆ? ನಾಲ್ಕು ಸಾವಿರ ಮೀಟರ್ ಮೇಲೆ. ಸಮುದ್ರದ ಕಡೆಯಿಂದ ಬರೋ ಜನಕ್ಕೆ ಇಲ್ಲಿ ಏನಾಗುತ್ತೆ ಹೇಳು."

ಏನಾಗುತ್ತದೆ? ಬಸ್ಸಿಳಿದ ಕೂಡಲೇ ತಲೆ ಸುತ್ತಿ, ಏದುಸಿರು ಬಿಟ್ಟು, ಗೋಡೆ ಹಿಡಿದು ಕೂರುತ್ತಾರೆ. ಗಾಳಿ ತೆಳುವಾದ ಕಡೆ ಹಿಡಿಯುವ ಕಾಯಿಲೆ. ಸೊರೊಚೆ ಅನ್ನುತ್ತೇವೆ ಅದಕ್ಕೆ.

"ಗಾಡಿಗಳಿಗೆ ಸೊರೊಚೆ ಹಿಡಿದಿದೆ," ಎಂದರು ನಮ್ಮವರು. ಲೋಟ ನೆಲದ ಮೇಲಿಟ್ಟು ಎದ್ದು ನಿಂತರು. ಹೊಟ್ಟೆಯ ಹತ್ತಿರದ ಗುಂಡಿ ಆಗಲೇ ಕಿತ್ತು ಬಿದ್ದದ್ದು.

ನಮ್ಮ ಬೀದಿಯ ಜನ ನಗುತ್ತಾರೆ ಎಂದುಕೊಂಡಿದ್ದೆ. ಒಬ್ಬರೂ ನಗಲಿಲ್ಲ. ಗಾಡಿಗೆ ಶಕ್ತಿ ಸಾಲದು, ಏರು ಹತ್ತುವಾಗ ಉಬ್ಬಸ ಬರುತ್ತದೆ ಎಂಬುದು ಎಲ್ಲರ ಹಳೆಯ ದೂರು. ಅದಕ್ಕೀಗ ಒಂದು ಗೌರವದ ಹೆಸರು ಸಿಕ್ಕಿತು. ಸಂಜೆಯ ಹೊತ್ತಿಗೆ ಅರ್ಧ ಬೀದಿ ಗ್ಯಾರೇಜಿನ ಮುಂದಿತ್ತು.

"ರೇಡಿಯೇಟರ್‌ಗೆ ಕೋಕಾ ಎಲೆ ಕಷಾಯ ಹಾಕ್ಬೋದಾ?" ಎಂದು ಬೇಕರಿಯವನು ಕೇಳಿದ.

"ಅಳತೆ ನೋಡಿ ಹೇಳ್ತೀನಿ," ಎಂದರು ನಮ್ಮವರು, ಪೂರ್ತಿ ಡಾಕ್ಟರ ಧಾಟಿಯಲ್ಲಿ.

ಇದೆಲ್ಲ ಇಲ್ಲಿಗೇ ನಿಂತಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಆ ಸಂಜೆ ಬಾಸಿಲಿಯಾ ಬಂದಳು. ನಮ್ಮ ಮಗಳ ನಾಮಕರಣಕ್ಕೆ ಧರ್ಮದ ತಾಯಿಯಾಗಿ ನಿಂತವಳು. ಹಾಗಾಗಿ ನಮಗೆ ಅವಳು ಕಮಾದ್ರೆ, ಅವಳಿಗೆ ನಮ್ಮವರು ಕಂಪಾದ್ರೆ. ಗಂಡ ತೀರಿಹೋದ ಮೇಲೆ ಅವನ ಮಿನಿಬಸ್ಸನ್ನು ತಾನೇ ಓಡಿಸಿ ಮೂವರು ಮಕ್ಕಳನ್ನು ಸಾಕುತ್ತಿದ್ದಾಳೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಕಂಪಾದ್ರೆ, ಗಾಡಿ ಏರು ಹತ್ತುತ್ತಿಲ್ಲ. ಗಡಗಡ ನಡುಗುತ್ತೆ, ನಿಂತೋಗುತ್ತೆ. ಶನಿವಾರ ಸಂಘದವರ ಪರೀಕ್ಷೆ. ಡಾನ್ ಸೆವೆರೊ ಎದುರಿಗೇ ನಿಂತು ಏರು ಹತ್ತಿಸಿ ನೋಡ್ತಾರಂತೆ. ಹತ್ತಲಿಲ್ಲ ಅಂದ್ರೆ ಲೈನಿಂದ ತೆಗೀತಾರೆ. ನನ್ನ ಜಾಗಕ್ಕೆ ಬರೋಕೆ ಜನ ಕಾಯ್ತಾ ಇದ್ದಾರೆ."

ನಮ್ಮವರು ಡಬ್ಬಿ ಸಿಕ್ಕಿಸಿದರು. ಏನು ಬಂತೆಂದು ಹೇಳಬೇಕಿಲ್ಲ.

"ಹೆದರ್ಬೇಡಿ ಕಮಾದ್ರೆ. ಈ ಗಾಡಿಗೂ ಸೊರೊಚೆ. ಸೊರೊಚೆ ಹಿಡಿದವರನ್ನ ಏನ್ ಮಾಡ್ತೀವಿ? ಕೆಳಗೆ ಕರ್ಕೊಂಡು ಹೋಗ್ತೀವಿ. ಒಂದು ದಿನ ದಪ್ಪ ಗಾಳಿ ಕುಡಿಸಿದ್ರೆ ಶನಿವಾರ ಕುದುರೆ ಥರ ಹತ್ತುತ್ತೆ."

ಬಾಸಿಲಿಯಾ ನನ್ನ ಮುಖ ನೋಡಿದಳು. ನಾನು ಬಾಣಲೆ ನೋಡಿದೆ. ನನಗೆ ಸ್ಪಾರ್ಕ್ ಪ್ಲಗ್ ಯಾವುದು, ಸೈಲೆನ್ಸರ್ ಯಾವುದು ಗೊತ್ತಿಲ್ಲ. ಆದರೆ ಅವಳ ಮೂವರು ಮಕ್ಕಳು ಗೊತ್ತು.

ಗುರುವಾರ ಬೆಳಿಗ್ಗೆ ಮೆರವಣಿಗೆ ಹೊರಟಿತು. ಮುಂದೆ ನಮ್ಮ ಹಳೆಯ ವ್ಯಾನ್, ಹಿಂದೆ ಬಾಸಿಲಿಯಾಳ ಮಿನಿಬಸ್, ಅದರ ಹಿಂದೆ ಬೇಕರಿ, ಟ್ಯಾಕ್ಸಿಗಳು, ತರಕಾರಿ ಗಾಡಿ, ಎಲ್ಲಕ್ಕಿಂತ ಹಿಂದೆ ಹೆಣದ ವ್ಯಾನ್. ಗಾಡಿ ಜೊತೆ ಸಂಸಾರಗಳೂ ಬಂದಿದ್ದವು. ಲಾ ಪಾಸ್ ಊರನ್ನು ದಾಟಿ ನದಿಯ ಕಣಿವೆಗೆ ಇಳಿದೆವು. ಇಳಿಯುತ್ತ ಇಳಿಯುತ್ತ ಗಾಡಿಗಳು ನಯವಾಗಿ, ಸದ್ದಿಲ್ಲದೆ, ಜೋರಾಗಿ ಓಡಿದವು. ನಮ್ಮವರು ಕಿಟಕಿಯಿಂದ ತಲೆ ಹೊರಹಾಕಿ ಹಿಂದಿನವರಿಗೆ ಕೈ ಬೀಸಿದರು.

"ನೋಡಿದ್ಯಾ? ಆಗ್ಲೇ ಗುಣ ಕಾಣ್ತಿದೆ."

"ಇಳಿಜಾರು ಕಣ್ರೀ. ಕಲ್ಲೂ ಹೀಗೇ ಓಡುತ್ತೆ."

ಅವರು ಕೇಳಿಸಿಕೊಳ್ಳಲಿಲ್ಲ.

ಮೊಯೆಪಾತಾ ಎನ್ನುವ ಊರಿನ ಹತ್ತಿರ ಬಿಸಿಲು ಬೆಚ್ಚಗಿತ್ತು, ಮರಗಳಿದ್ದವು, ಹಂದಿಮಾಂಸದ ಚಿಚರೋನ್ ಹುರಿಯುವ ವಾಸನೆಯಿತ್ತು. ನದಿಯ ದಂಡೆ ಪೂರಾ ಕೆಸರು. ಹಾಗಾಗಿ ನಮ್ಮವರು ಗಾಡಿಗಳನ್ನು ಮಣ್ಣಿನ ರಸ್ತೆಯ ಮೇಲೇ ಒಂದರ ಹಿಂದೊಂದು ನಿಲ್ಲಿಸಿ, ಎಲ್ಲದರ ಬಾನೆಟ್ ಎತ್ತಿಸಿದರು. "ಬಾಯಿ ತೆರ್ದು ಚೆನ್ನಾಗಿ ಉಸಿರಾಡ್ಲಿ," ಎಂದರು. ಹೆಂಗಸರು ಶಾಲು ಹಾಸಿದರು. ಗಂಡಸರು ರಸ್ತೆಯಲ್ಲೇ ಚೆಂಡು ಒದ್ದರು.

ಈಗ ನೀವೇ ಹೇಳಿ. ಮಾತೆತ್ತಿದರೆ ರಸ್ತೆತಡೆಗೆ ಕೂರುವ ನಮ್ಮ ದೇಶದಲ್ಲಿ ರಸ್ತೆಯ ಮೇಲೆ ಗಾಡಿಗಳು ಸಾಲಾಗಿ ನಿಂತಿವೆ, ಜನ ನೆಲದ ಮೇಲೆ ಕೂತಿದ್ದಾರೆ, ಒಲೆ ಹೊತ್ತಿಸಿದ್ದಾರೆ. ನೋಡಿದವರು ಏನೆಂದುಕೊಳ್ಳಬೇಕು?

ಮೊದಲು ಬಂದವರು ಊರ ಮುಖಂಡರು. ಟೋಪಿ ತೆಗೆದು ನಮ್ಮವರ ಕೈ ಎರಡನ್ನೂ ಹಿಡಿದುಕೊಂಡರು.

"ಎಲ್ ಆಲ್ಟೊ ಜನ ಧೈರ್ಯವಂತರು ಅಂತ ಕೇಳಿದ್ದೆ. ನಮ್ಮೂರು ನಿಮ್ಮ ಜೊತೆ ಇದೆ, ಅಣ್ಣಾ. ಎಷ್ಟು ದಿನ ಬೇಕಾದ್ರೂ ಕೂತ್ಕೊಳ್ಳಿ."

"ಒಂದು ದಿನ ಸಾಕು," ಎಂದರು ನಮ್ಮವರು, ಇಷ್ಟೊಂದು ಉಪಚಾರಕ್ಕೆ ಮನಸ್ಸು ತುಂಬಿ.

"ಒಂದು ದಿನಕ್ಕೆ ಸರ್ಕಾರ ಬಗ್ಗುತ್ತಾ? ನೀವು ಸುಮ್ನಿರಿ, ಕಲ್ಲು ನಾವು ತರ್ತೀವಿ."

ತಂದರು. ನೋಡನೋಡುತ್ತ ಹೆಂಗಸರು ಮಕ್ಕಳೆಲ್ಲ ಸೇರಿ ನಮ್ಮ ಮುಂದೊಂದು ಹಿಂದೊಂದು ಕಲ್ಲಿನ ಗೋಡೆ ಹಾಕಿದರು. ಅವರಿಗೆ ಈ ಮಣ್ಣುರಸ್ತೆಗೆ ಡಾಂಬರು ಬೇಕಿತ್ತು. ವರ್ಷಗಟ್ಟಲೆ ಕೇಳಿ ಸೋತಿದ್ದರು. ರಸ್ತೆತಡೆ ಮಾಡೋಣವೆಂದರೆ ಊರಲ್ಲಿ ತಡೆಯುವಷ್ಟು ಗಾಡಿಗಳೇ ಇರಲಿಲ್ಲ. ದೇವರೇ ಕಳಿಸಿದ ಹಾಗೆ ನಾವು ಬಂದಿದ್ದೆವು.

ಆಮೇಲೆ ಬೈಕಿನಲ್ಲಿ ಒಬ್ಬ ಪೊಲೀಸು ಬಂದ. ಗೋಡೆ ನೋಡಿದ, ಬಾನೆಟ್‌ಗಳನ್ನು ನೋಡಿದ, ಕಡೆಯಲ್ಲಿ ನಿಂತಿದ್ದ ಹೆಣದ ವ್ಯಾನ್ ನೋಡಿದ. ಅವನ ಮುಖ ಬಾಡಿತು.

"ಆಗ್ಲೇ ಸಾವು ಆಗಿದ್ಯಾ?"

"ಇಲ್ಲ, ಅದಕ್ಕೂ ಉಸಿರಿನ ತೊಂದ್ರೆ," ಎಂದರು ನಮ್ಮವರು, ಬಿಳಿ ಕೋಟಿನ ಜೇಬಿನಲ್ಲಿ ಕೈಯಿಟ್ಟು.

ಪೊಲೀಸು ಮರದ ಮರೆಗೆ ಹೋಗಿ ಮೊಬೈಲಿನಲ್ಲಿ ಮಾತಾಡಿದ. ಸ್ವಲ್ಪ ಹೊತ್ತಿಗೆ ಚಿಚರೋನ್ ಅಂಗಡಿಯ ರೇಡಿಯೊದಲ್ಲಿ ನಮ್ಮ ಸುದ್ದಿಯೇ ಬಂತು. ಮೊಯೆಪಾತಾದಲ್ಲಿ ಅನಿರ್ದಿಷ್ಟ ಕಾಲದ ರಸ್ತೆತಡೆ ಆರಂಭವಾಗಿದೆ, ಎಲ್ ಆಲ್ಟೊದ ಚಾಲಕರ ಮುಂದಾಳತ್ವ, ಸ್ಥಳದಲ್ಲಿ ಒಬ್ಬರು ಡಾಕ್ಟರ್ ಕೂಡ ಇದ್ದಾರೆ.

"ಪಾಪ, ಯಾರೋ ಏನೋ," ಎಂದರು ನಮ್ಮವರು, ಇನ್ನೊಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತ.

"ರೀ, ಅದು ನೀವೇ," ಎಂದೆ.

ಅಗಿಯುತ್ತಿದ್ದ ಬಾಯಿ ಹಾಗೇ ನಿಂತಿತು. ಅವರು ಎದ್ದು ಹೋಗಿ ಎಲ್ಲರಿಗೂ ನಿಜ ಹೇಳಬೇಕು ಎನ್ನುವಷ್ಟರಲ್ಲಿ ಎರಡು ಗಾಡಿಗಳು ಧೂಳೆಬ್ಬಿಸಿಕೊಂಡು ಬಂದವು. ಒಂದರಿಂದ ಪುರಸಭೆಯ ಅಧಿಕಾರಿ ಇಳಿದರು. ಇನ್ನೊಂದರಿಂದ ಡಾನ್ ಸೆವೆರೊ. ತಮ್ಮ ಲೈನಿನ ಗಾಡಿಯೊಂದು ತಮ್ಮನ್ನು ಕೇಳದೆ ರಸ್ತೆ ತಡೆದಿದೆ ಎಂದು ಅವರ ಮೀಸೆ ಅದುರುತ್ತಿತ್ತು. ಬಾಸಿಲಿಯಾ ನನ್ನ ಬೆನ್ನ ಹಿಂದೆ ಸರಿದಳು.

ಅಧಿಕಾರಿ ಬಹಳ ಅನುಭವಸ್ಥರು. ಗೋಡೆಯ ಆಚೆಯೇ ಒಂದು ಕುರ್ಚಿ ತರಿಸಿ ಕೂತರು.

"ಮಾತುಕತೆ ಮಾಡೋಣ. ನಾನು ಮುಕ್ತ ಮನಸ್ಸಿಂದ ಬಂದಿದ್ದೀನಿ. ನಿಮ್ಮ ಬೇಡಿಕೆ ಏನು?"

ನಮ್ಮವರು ಸುಳ್ಳು ಹೇಳುವವರಲ್ಲ. ಅದೇ ಅವರ ತೊಂದರೆ.

"ಆಮ್ಲಜನಕ," ಎಂದರು.

ಅಧಿಕಾರಿ ಪಕ್ಕದವನ ಕಡೆ ನೋಡಿದರು. ಮೊಯೆಪಾತಾದ ಜನ ಇದೇನೋ ದೊಡ್ಡ ಮಾತಿರಬೇಕು ಎಂದು ಚಪ್ಪಾಳೆ ತಟ್ಟಿದರು.

"ಆಸ್ಪತ್ರೆಗಾ?" ಎಂದರು ಅಧಿಕಾರಿ.

"ಗಾಡಿಗಳಿಗೆ."

"ಮತ್ತು ಡಾಂಬರು," ಎಂದರು ಊರ ಮುಖಂಡರು ಹಿಂದಿನಿಂದ.

"ಡಾಂಬರು ಕೊಡ್ಬೋದು," ಎಂದರು ಅಧಿಕಾರಿ, ಹಣೆ ಒರೆಸಿಕೊಂಡು. "ಅದು ನಮ್ಮ ಕೈಲಿದೆ. ಗಾಳಿ ವಿಷಯ ಮೇಲಿನವರನ್ನ ಕೇಳ್ಬೇಕು."

ನಮ್ಮವರು ಎಲ್ಲವನ್ನೂ ಬಿಡಿಸಿ ಹೇಳಿದರು. ಜಪಾನ್, ಸಮುದ್ರ, ಸೊರೊಚೆ, ದಪ್ಪ ಗಾಳಿ. ಹೇಳುತ್ತ ಹೇಳುತ್ತ ಅವರ ದನಿ ಚಿಕ್ಕದಾಯಿತು. ಮನೆಯ ಬೀದಿಯಲ್ಲಿ ಚೆನ್ನಾಗಿ ಕಾಣುತ್ತಿದ್ದ ಮಾತು ಪುರಸಭೆಯವರ ಮುಂದೆ ಬೇರೆಯೇ ಕಾಣುತ್ತದೆ. ಅಧಿಕಾರಿಯ ಡ್ರೈವರ್ ರೆನೆ ಎನ್ನುವವನು ಮಾತ್ರ ಹಲ್ಲು ಕಿಸಿಯುತ್ತ ಕೇಳುತ್ತಿದ್ದ. ಬಾಯಿಬಡುಕ. ಪುರಸಭೆಯ ಅಷ್ಟೂ ಗಾಡಿಗಳು ತನ್ನಿಂದಲೇ ಓಡುತ್ತಿವೆ ಎಂದು ಬಂದ ಗಳಿಗೆಯಲ್ಲೇ ಇಬ್ಬರಿಗೆ ಹೇಳಿದ್ದ.

"ಎಲ್ಲಿ, ನಿಮ್ ಮಷಿನ್ ಕೊಡಿ ನೋಡೋಣ," ಎಂದು ಡಬ್ಬಿ ತೆಗೆದುಕೊಂಡು ತಿರುಗಿಸಿದ. ಯಾವ ಗಾಡಿಗೂ ಸಿಕ್ಕಿಸದೆ, ಬಾಲ ಜೋತಾಡುತ್ತಿದ್ದ ಹಾಗೆಯೇ, ಗುಂಡಿ ಒತ್ತಿದ. ಆಮ್ಲಜನಕ ಕಡಿಮೆ ಎಂದು ಬಂತು. ಅವನು ಡಬ್ಬಿಯನ್ನು ಮೂಗಿನ ಹತ್ತಿರ ತಂದ.

"ಇದಕ್ಕೆ ಯಾರು ಕುಡಿಸಿದ್ದು?"

ಎಲ್ಲರೂ ಡಾನ್ ಸೆವೆರೊ ಕಡೆ ನೋಡಿದರು. ಅವರು ನದಿಯ ಕಡೆ ನೋಡಿದರು.

"ಮೊದಲ್ನೇ ಗಾಡಿ ಓದೋ ಹೊತ್ತಿಗೇ ಬಿಯರ್ ಒಳಗೆ ಹೋಗಿದೆ. ಅವತ್ತು ಓದಿದ್ದೇ ಗಟ್ಟಿಯಾಗಿ ಹಿಡ್ಕೊಂಡು ಕೂತಿದೆ. ಇದು ನಿಮ್ ಯಾರ್ ಗಾಡಿ ರೋಗಾನೂ ಅಲ್ಲ. ಆ ಮೊದಲ್ನೇದು ಯಾರದು?"

ಈ ಸಲ ಡಾನ್ ಸೆವೆರೊಗೆ ನೋಡಲು ನದಿಯೂ ಸಾಲಲಿಲ್ಲ. ಅವರ ಗಾಡಿ ಉರಿಯಲು ಗಾಳಿ ಸಾಲದೆ ಕರಿಹೊಗೆ ಉಗುಳುತ್ತ ಪೆಟ್ರೋಲ್ ಕುಡಿಯುವುದು ಲೈನಿಗೆಲ್ಲ ಗೊತ್ತಿತ್ತು, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನಮ್ಮವರು ಬಿಳಿ ಕೋಟನ್ನು ಬಿಚ್ಚಿ ಮಡಚಿ ನನ್ನ ಕೈಗೆ ಕೊಟ್ಟರು. ನನಗೆ ಆಗ ಅವರ ಮೇಲೆ ಸಿಟ್ಟಿರಲಿಲ್ಲ. ಇಡೀ ಬೀದಿಯ ಮುಂದೆ ಹಾಗೆ ನಿಂತಿದ್ದವರ ಪಕ್ಕಕ್ಕೆ ಹೋಗಿ ನಾನೂ ನಿಂತೆ.

"ನನ್ನ ಮಾನ ಇರ್ಲಿ," ಎಂದರು ರೆನೆಗೆ. "ನಮ್ಮ ಕಮಾದ್ರೆ ಗಾಡಿ ನೋಡು ಮಾರಾಯಾ. ಶನಿವಾರ ಪರೀಕ್ಷೆ ಇದೆ."

ರೆನೆ ತನ್ನ ಸಾಧನ ತಂದ. ಬೆರಳುದ್ದದ ಒಂದು ತುಂಡು. ಅದನ್ನು ಕಿಂಡಿಗೆ ಸಿಕ್ಕಿಸಿ, ಮೊಬೈಲ್ ಹಿಡಿದು, ಇಂಜಿನ್ ಚಾಲೂ ಮಾಡಿಸಿದ. ಪರದೆಯ ಮೇಲೆ ಗೆರೆಗಳು ಕುಣಿದವು. ಅವನು ಬಾಯಿ ಮುಚ್ಚಿದ್ದು ಅದೊಂದೇ ಹೊತ್ತು.

"ಮೂರನೇ ಸಿಲಿಂಡರ್ ಉರೀತಿಲ್ಲ. ನಾಲ್ಕು ಜನ ಹೊರೋ ಹೆಣ ಮೂರು ಜನ ಹೊರ್ತಾ ಇದ್ದಾರೆ. ಕಿಡಿ ಹೊತ್ತಿಸೋ ಕಾಯಿಲ್ ಸತ್ತಿದೆ. ಹೊಸದು ಹಾಕಿದ್ರೆ ಮುಗೀತು. ಆದ್ರೆ ಇದರ ಕಾಯಿಲ್ ತಕ್ಷಣಕ್ಕೆ ಸಿಗಲ್ಲ, ತರಿಸ್ಬೇಕು. ಮುಂದಿನ ವಾರ ಆಗುತ್ತೆ."

ಮುಂದಿನ ವಾರ ಎಂದ ಕೂಡಲೇ ಬಾಸಿಲಿಯಾ ಅಲ್ಲೇ ಕಲ್ಲಿನ ಗೋಡೆಯ ಮೇಲೆ ಕೂತುಬಿಟ್ಟಳು.

ನಮ್ಮವರು ಸ್ಪ್ಯಾನರ್ ಎತ್ತಿಕೊಂಡರು. ನಮ್ಮ ವ್ಯಾನಿನ ಹತ್ತಿರ ಹೋಗಿ, ಎತ್ತಿದ್ದ ಬಾನೆಟ್ಟಿನ ಒಳಗೆ ಬಗ್ಗಿದರು. ಬಾಸಿಲಿಯಾಳದೂ ನಮ್ಮದೂ ಒಂದೇ ಜಾತಿಯ ಇಂಜಿನ್. ಗ್ಯಾರೇಜಿನಲ್ಲಿ ಬಿಚ್ಚುವಾಗ ಬೈಯುವವರು ಇಲ್ಲಿ ಒಂದು ಮಾತು ಬೈಯದೆ ಬಿಚ್ಚಿದರು. ಒಂದು ಕಾಯಿಲ್ ತೆಗೆದು, ಶರ್ಟಿನ ತುದಿಯಲ್ಲಿ ಒರೆಸಿ, ಅವಳ ಗಾಡಿಗೆ ಕೂರಿಸಿದರು. ರೆನೆ ಮತ್ತೆ ಮೊಬೈಲ್ ನೋಡಿ ಹೆಬ್ಬೆರಳು ಎತ್ತಿದ. ಇಂಜಿನ್ನಿನ ನಡುಕ ನಿಂತಿತ್ತು. ನನ್ನಂಥವಳಿಗೂ ಅದು ಕೇಳಿಸಿತು.

"ಕಂಪಾದ್ರೆ, ನಿಮ್ಮ ಗಾಡಿ?" ಎಂದಳು ಬಾಸಿಲಿಯಾ.

"ನಮಗೇನು ಪರೀಕ್ಷೆ ಇದ್ಯಾ? ನಡೀರಿ ನೀವು."

ಅಷ್ಟರಲ್ಲಿ ಡಾಂಬರಿನ ಮಾತು ಮುಗಿದಿತ್ತು. ಗೋಡೆಯಲ್ಲಿ ಒಂದು ಗಾಡಿ ದಾಟುವಷ್ಟು ಕಲ್ಲು ಸರಿಸಿದರು. ಡಾನ್ ಸೆವೆರೊ ತಮ್ಮ ಹೊಗೆಗಾಡಿಯ ಕಡೆ ಹೊರಟರು. ನಾನು ಅಡ್ಡ ನಿಂತೆ.

"ಡಾನ್ ಸೆವೆರೊ, ಶನಿವಾರದ ಏರು ಎಷ್ಟುದ್ದ ಇದೆ? ಇಲ್ಲಿಂದ ಎಲ್ ಆಲ್ಟೊಗೆ ಎಷ್ಟುದ್ದ ಇದೆ? ಇದೇ ಪರೀಕ್ಷೆ ಅಂದ್ಕೊಂಡು ಅವಳ ಗಾಡೀಲೇ ಕೂತ್ಕೊಳ್ಳಿ. ಹತ್ತಲಿಲ್ಲ ಅಂದ್ರೆ ನೀವೇ ಇಳಿದು ತಳ್ಳಿ, ಆಮೇಲೆ ಲೈನಿಂದ ತೆಗೀರಿ. ಧರ್ಮದ ಮಗನಿಗೆ ನೀವು ಕುಡಿಸಿದ್ದನ್ನ ನಾನು ಯಾರಿಗೂ ಹೇಳಲ್ಲ."

ಅಲ್ಲಿದ್ದವರಿಗೆಲ್ಲ ಆಗಲೇ ಗೊತ್ತಿತ್ತು. ಆದರೂ ಅವರು ತಮ್ಮ ಗಾಡಿಯ ಕೀಲಿಯನ್ನು ಜೊತೆಗೆ ಬಂದಿದ್ದ ಹುಡುಗನ ಕೈಗಿಟ್ಟು, ಹೋಗಿ ಮಿನಿಬಸ್ಸಿನ ಮುಂದಿನ ಸೀಟಿನಲ್ಲಿ ಕೂತರು. ಬೀದಿಯ ಹೆಂಗಸರು ಮಕ್ಕಳು ಹಿಂದೆ ತುಂಬಿಕೊಂಡರು, ಕಾಲಿಡಲು ಜಾಗವಿರದ ಹಾಗೆ. ಬಾಸಿಲಿಯಾ ಟೋಪಿ ಸರಿಮಾಡಿಕೊಂಡು ಗೇರ್ ಹಾಕಿದಳು. ಉಳಿದ ಗಾಡಿಗಳೂ ಒಂದೊಂದಾಗಿ ಹಿಂದೆ ಹೊರಟವು, ಉಬ್ಬಸ ಬಿಡುತ್ತ, ಎಂದಿನ ಹಾಗೆ.

ನಾವಿಬ್ಬರು ಉಳಿದೆವು. ಒಂದು ಕಾಯಿಲ್ ಇಲ್ಲದ ನಮ್ಮ ವ್ಯಾನ್ ಸಪಾಟು ನೆಲದಲ್ಲಿ ತೆವಳಬಹುದು, ಆ ಏರು ಹತ್ತಲಾರದು. ಊರ ಮುಖಂಡರಿಗೆ ಇದಕ್ಕಿಂತ ಸಂತೋಷದ ಸುದ್ದಿ ಇರಲಿಲ್ಲ.

"ರೋಡ್ ರೋಲರ್ ಬರೋವರ್ಗೂ ಗಾಡಿ ಇಲ್ಲೇ ಇರ್ಲಿ ಅಣ್ಣಾ," ಎಂದರು. "ಒಂದೇ ಗಾಡಿ ಆದ್ರೂ ತಡೆ ತಡೇನೇ. ಊಟ, ಮನೆ, ಎಲ್ಲ ನಮ್ದು."

ಮರದ ಕೆಳಗೆ ಶಾಲು ಹಾಸಿಕೊಂಡು ಕೂತೆವು. ಎದುರಿನ ಬೆಟ್ಟದ ಮೇಲೆ ರಸ್ತೆ ಸುತ್ತಿ ಸುತ್ತಿ ಹತ್ತುವುದು ಅಲ್ಲಿಂದ ಕಾಣುತ್ತಿತ್ತು. ಮಿನಿಬಸ್ ಒಂದು ತಿರುವಿನಲ್ಲಿ ಮರೆಯಾಗುತ್ತಿತ್ತು, ಮುಂದಿನದರಲ್ಲಿ ಕಾಣುತ್ತಿತ್ತು. ಮರೆಯಾದಾಗಲೆಲ್ಲ ನಮ್ಮವರು ನನ್ನ ಕೈ ಹಿಡಿದುಕೊಳ್ಳುತ್ತಿದ್ದರು, ಕಂಡಾಗ ಬಿಡುತ್ತಿದ್ದರು. ಕಡೆಯ ತಿರುವು ದಾಟಿದ ಮೇಲೆ ಕಾಣಲಿಲ್ಲ. ಆಮೇಲೂ ಎಲ್ ಆಲ್ಟೊಗೆ ದೊಡ್ಡ ಏರು ಬಾಕಿಯಿತ್ತು. ನಮ್ಮವರು ಕೈ ಬಿಡಲೇ ಇಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಮೊಬೈಲ್ ಬಡಿದುಕೊಂಡಿತು. ಡಾನ್ ಸೆವೆರೊ. ನಮ್ಮವರು ನನಗೂ ಕೇಳುವ ಹಾಗೆ ಹಿಡಿದರು. ಆ ಕಡೆಯಿಂದ ಬರೀ ಉಸಿರು.

"ಏನಾಯ್ತು ಡಾನ್ ಸೆವೆರೊ? ಹತ್ತಿತಾ? ಪಾಸೋ ಫೇಲೋ?"

"ಡಾನ್ ಕಾಸಿಯಾನೊ, ನಾನು ಈ ಲೈನಿನ ಕಾರ್ಯದರ್ಶಿ. ನನ್ನ ಹತ್ರ ಇಷ್ಟು ವರ್ಷದಲ್ಲಿ ಒಬ್ಬ ಡ್ರೈವರಾದ್ರೂ ಬಸ್ ಚಾರ್ಜು ಕೇಳಿದ್ದಾನಾ?"

"ಇಲ್ಲ."

"ಎಲ್ ಆಲ್ಟೊ ನಿಲ್ದಾಣದಲ್ಲಿ ಇಳಿಯೋವಾಗ ನಿಮ್ಮ ಕಮಾದ್ರೆ ಕೈ ಚಾಚಿದ್ಲು. ಎಲ್ಲರೆದುರಿಗೆ. ಇದು ಲೈನಿನ ಗಾಡಿ, ಪೂರ್ತಿ ಚಾರ್ಜು ಕೊಡಿ ಅಂದ್ಲು."

ನಮ್ಮವರು ಎದ್ದು ನಿಂತರು.

"ಕೊಟ್ರಾ?"



"ಕೊಟ್ಟೆ," ಎಂದರು ಡಾನ್ ಸೆವೆರೊ.

ನಮ್ಮವರು ಮೊಬೈಲ್ ಕೆಳಗಿಟ್ಟು, ಚಿಚರೋನ್ ಅಂಗಡಿಯವಳಿಗೆ ಇನ್ನೆರಡು ತಟ್ಟೆ ತರಲು ಹೇಳಿದರು.